ರೋಮನ್ ಸೈನಿಕನಿಗೆ ಚಹಾ

ನಾಟಕ ಬರೆದವಳು ನಾನು, ಆದ್ದರಿಂದ ಆದದ್ದಕ್ಕೆಲ್ಲ ನಾನೇ ಹೊಣೆ ಎಂದು ನನ್ನ ಗಂಡ ಇವತ್ತಿಗೂ ಹೇಳುತ್ತಾರೆ. ಹೇಳಲಿ ಬಿಡಿ! ಮುಂಬಯಿಯ ಸಯನ್ನಿನಲ್ಲಿರುವ ನಮ್ಮ ಪುಟ್ಟ ಕನ್ನಡ ಸಭೆಗೆ ಸ್ವಂತ ಚರ್ಚಿಲ್ಲ. ಮರಾಠಿಯವರ ಆರಾಧನೆ ಮುಗಿದು ತಮಿಳರದು ಶುರುವಾಗುವ ನಡುವಿನ ಒಂದೂವರೆ ಗಂಟೆಯಷ್ಟೇ ನಮ್ಮ ಪಾಲು. ಹಾಡಿನಲ್ಲಿ ಒಂದು ಚರಣ ಹೆಚ್ಚಾದರೆ ಬಾಗಿಲಲ್ಲಿ ತಮಿಳರ ಕೆಮ್ಮು ಶುರುವಾಗುತ್ತದೆ. ಅಂಥ ನಮಗೆ ಆ ವರ್ಷದ ವಾರ್ಷಿಕೋತ್ಸವಕ್ಕೆ ಶನಿವಾರ ಮಧ್ಯಾಹ್ನವಿಡೀ ಹಾಲ್ ಸಿಕ್ಕಿಬಿಟ್ಟಿತ್ತು. ಖುಷಿಗೆ ನನ್ನ ಕಾಲು ನೆಲದ ಮೇಲಿರಲಿಲ್ಲ. ರೋಮನ್ನರ ಕಾಲದ ಮೊದಲ ಕ್ರೈಸ್ತರ, ಅಂದರೆ ಆದಿಸಭೆಯ, ಕಥೆಯನ್ನೇ ನಾಟಕ ಮಾಡೋಣ ಎಂದೆ.

ಆ ಕಥೆಯ ಹುಚ್ಚು ನನಗೆ ಮೊದಲಿನಿಂದಲೂ ಇದೆ. ಅವರಿಗೆ ಕಟ್ಟಡವಿಲ್ಲ, ಗೋಪುರವಿಲ್ಲ, ಮೈಕಂತೂ ಇಲ್ಲವೇ ಇಲ್ಲ. ಯಾರದೋ ಮನೆಯಲ್ಲಿ ಸೇರುವುದು, ದೂರದ ಊರಿನಿಂದ ಬಂದ ಪತ್ರವನ್ನು ಒಬ್ಬರು ಓದುವುದು, ಇನ್ನೊಬ್ಬರು ಅದನ್ನು ನಕಲು ಮಾಡಿ ಮುಂದಿನ ಮನೆಗೆ ಕಳಿಸುವುದು. ಜೈಲಿಗೆ ಹಾಕಿದರೆ ಕಾವಲುಗಾರನಿಗೇ ಸುವಾರ್ತೆ ಹೇಳುವುದು. ಒಂದೂರಿನಿಂದ ಓಡಿಸಿದರೆ ಹತ್ತೂರಿಗೆ ಹಬ್ಬುವುದು. ಓಡಿಸುವವರಿಗೆ ಇದು ಹೊಳೆಯಲೇ ಇಲ್ಲವಲ್ಲ, ಅಬ್ಬಾ!

ನಮ್ಮತ್ತೆಗೂ ಆ ಸುವಾರ್ತೆ ಮುಟ್ಟಿದ್ದು ಹೀಗೇ, ಬಾಗಿಲಿಂದ ಬಾಗಿಲಿಗೆ. ಗದಗಿನ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದು, ಬೈಕುಲ್ಲಾದ ಚಾಳಿನಲ್ಲಿ ಜ್ವರ ಹಿಡಿದು ಮಲಗಿದಾಗ ಪಕ್ಕದ ಖೋಲಿಯ ಕ್ರೈಸ್ತ ಹೆಂಗಸು ಹನ್ನೊಂದು ದಿನ ಗಂಜಿ ಕಾಯಿಸಿ ತಂದಳಂತೆ. ಉಪದೇಶದ ಮಾತು ಒಂದೂ ಇಲ್ಲ. ಕೊನೆಗೆ ಅತ್ತೆಯೇ ಕೇಳಿದರಂತೆ: “ನೀ ಯಾರಿಗೆ ಕೈ ಮುಗೀತಿ, ನಂಗೂ ಹೇಳವಾ.” ದೀಕ್ಷಾಸ್ನಾನವಾದ ಸುದ್ದಿ ಊರಿಗೆ ಹೋಯಿತು. ಅಲ್ಲಿಂದ ಅತ್ತೆಯ ಅಣ್ಣ ರೈಲು ಹತ್ತಿ ಬಂದು, ಚಾಳಿನ ಬಾಗಿಲಲ್ಲೇ ನಿಂತು, “ನನಗ ತಂಗೀನ ಇಲ್ಲ” ಎಂದು ಹೇಳಿ ಹೊರಟುಹೋದ. ನಲವತ್ತು ವರ್ಷ ಆ ಮಾತಿನಿಂದ ಕದಲಲಿಲ್ಲ. ಅತ್ತೆ ಪ್ರಾರ್ಥನೆಗೆ ಕೂತಾಗಲೆಲ್ಲ ಕೊನೆಗೆ ಬೇಡುವುದು ಒಂದೇ: ಸಾಯುವ ಮೊದಲು ಅವನ ಬಾಯಿಂದ ಒಂದು ಸಲ ‘ನನ್ನ ತಂಗಿ’ ಎಂದು ಕೇಳಬೇಕು.

ನಾಟಕದಲ್ಲಿ ವಿಶ್ವಾಸಿಗಳು ಸೇರುವ ಮನೆಯ ಯಜಮಾನಿ ನಮ್ಮತ್ತೆ. ರೋಮನ್ ಸೈನಿಕ ಬಾಗಿಲು ಬಡಿದಾಗ ಆಕೆ ದೀಪ ಆರಿಸಿ ಉಸಿರು ಬಿಗಿಹಿಡಿದು ಕೂರಬೇಕು. ಮಾತು ಒಂದೂ ಇಲ್ಲ. ಸೈನಿಕನ ಪಾತ್ರಕ್ಕೆ ಬಾಂದ್ರಾದ ಹೋಟೆಲೊಂದರ ಉಡುಪಿ ಕಡೆಯ ಮ್ಯಾನೇಜರನ್ನು ದನಿ ಜೋರೆಂದು ಹಿಡಿದು ತಂದಿದ್ದೆವು. ಮೊದಲ ತಾಲೀಮಿನಲ್ಲಿ ಅವರು ಬಾಗಿಲು ಬಡಿದದ್ದೇ ತಡ, ಅತ್ತೆ ಎದ್ದು ನಿಂತರು: “ಬರ್ರಿ, ಬರ್ರಿ, ಚಾ ಕುಡೀರಿ!”

“ಅತ್ತೀ, ಅಂವ ನಿಮ್ಮನ್ನ ಹಿಡಿಯಾಕ ಬಂದಾನ್ರಿ!”

“ಹಿಡೀಲಿ ತಗೋ. ಬಿಸಲಾಗ ಬಂದಾನ, ಚಾ ಕುಡದು ಹಿಡೀಲಿ.”

“ದಾದೀ, ಚುಪ್ ರೆಹನೇಕಾ!” ಎಂದು ಅಜ್ಜಿಯನ್ನು ಸುಮ್ಮನಿರಿಸಲು ಹೋದ ನಾಟಕದ ಮಕ್ಕಳು ಹೊಟ್ಟೆ ಹಿಡಿದುಕೊಂಡು ಉರುಳಾಡಿದರು. ಐದು ತಾಲೀಮು, ಐದು ಸಲವೂ ಚಹಾ. “ನಾನು ಎಂತ ಸೈನಿಕ ಮಾರಾಯ್ರೆ, ಗಿರಾಕಿ ಆಗಿಬಿಟ್ಟೆ!” ಎಂದು ಮ್ಯಾನೇಜರು ತಲೆ ಚಚ್ಚಿಕೊಂಡರು.

ಆ ಶನಿವಾರ ಬೆಳಿಗ್ಗೆ ನನ್ನ ಗಂಡನಿಗೆ ಫೋನ್ ಬಂತು. ಅತ್ತೆಯ ಅಣ್ಣನ ಮಗನದು. ಮುಂಬಯಿಯಲ್ಲೇ ಕೆಲಸದಲ್ಲಿದ್ದ ಅವನೊಬ್ಬ ನಮ್ಮೊಡನೆ ಗುಟ್ಟಾಗಿ ಸಂಪರ್ಕ ಇಟ್ಟುಕೊಂಡಿದ್ದ. ಅಪ್ಪನನ್ನು ಕಣ್ಣು ತೋರಿಸಲು ಮುಂಬಯಿಗೆ ಕರೆತಂದಿದ್ದೇನೆ, ಡ್ರಾಪ್ಸ್ ಹಾಕಿ ಕಣ್ಣೆಲ್ಲ ಮಂಜಾಗಿದೆ, ನಾನು ಡ್ಯೂಟಿಗೆ ಹೋಗಲೇಬೇಕು, ಸಂಜೆವರೆಗೆ ನೋಡಿಕೊಳ್ಳುತ್ತೀರಾ ಎಂದ. ಮುದುಕನಿಗೆ ‘ಗೆಳೆಯ ಬರುತ್ತಾನೆ’ ಎಂದಷ್ಟೇ ಹೇಳಿದ್ದನಂತೆ. ಮನೆಗೆ ಹೋಗಲು ಹೊತ್ತಿಲ್ಲದೆ ನನ್ನ ಗಂಡ ಸೋದರಮಾವನ ಕೈ ಹಿಡಿದು ನೇರ ಹಾಲಿಗೇ ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸಿದರು!

ಪರದೆಯ ಸಂದಿಯಿಂದ ನೋಡಿದ ನಾನು ಅತ್ತೆಯ ಹತ್ತಿರ ಓಡಿದೆ. ತಂಗಿ ಇಲ್ಲಿದ್ದಾಳೆಂದು ಗೊತ್ತಾದರೆ ಮುದುಕ ಎದ್ದು ಹೋಗುತ್ತಾನೆ. ತುಂಬಿದ ಸಭೆಯ ಎದುರು ಎರಡನೇ ಸಲ ಹಾಗೆ ಹೋದರೆ ಅತ್ತೆ ಬದುಕುವುದಿಲ್ಲ. ಕಣ್ಣಂತೂ ಕಾಣುವುದಿಲ್ಲ, ದನಿ ಕೇಳದಿದ್ದರೆ ಬಚಾವ್. ಅಣ್ಣ ಬಂದಿರುವುದನ್ನು ಆಕೆಗೆ ಹೇಳಲಿಲ್ಲ. “ಅತ್ತೀ, ಇವತ್ತೊಂದಿನ ಬಾಯಿ ಬಿಡಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ” ಎಂದೆ.

“ಹುಚ್ಚಿ, ನಾ ಏನ್ ಸಣ್ಣ ಕೂಸೇನ?” ಎಂದು ಗದರಿದರು.

ಬಾಗಿಲು ಬಡಿದ ಸದ್ದಾಯಿತು. ದೀಪ ಆರಿತು. ಅತ್ತೆ ಗಪ್‌ಚಿಪ್! ಮತ್ತೆ ಬಡಿತ. ಆಗಲೂ ಗಪ್‌ಚಿಪ್. ಗೆದ್ದೆ ಎಂದು ನಾನು ಪರದೆಯ ಹಿಂದೆ ಕುಣಿಯುವಷ್ಟರಲ್ಲಿ ಮೂರನೆಯದೂ ಆಯಿತು. ಪಾಪ, ಆಕೆಯಿಂದ ತಡೆಯಲಾಗಲಿಲ್ಲ. “ಬರ್ರಿ, ಬರ್ರಿ, ಚಾ ಕುಡೀರಿ!”

ಹಾಲಿಗೆ ಹಾಲೇ ಬಿದ್ದು ಬಿದ್ದು ನಕ್ಕಿತು. ಮ್ಯಾನೇಜರಿಗೆ ನಿಜವಾಗಿಯೇ ಪಿತ್ತ ನೆತ್ತಿಗೇರಿತು. ರಟ್ಟಿನ ಶಿರಸ್ತ್ರಾಣ ಸರಿಮಾಡಿಕೊಂಡು, ಕೋಲೆತ್ತಿ, ತಮ್ಮ ಮಾತನ್ನು ಗರ್ಜಿಸಿದರು: “ಎಲೈ ಮುದುಕಿ! ನಿನಗೆ ಈ ಲೋಕದಲ್ಲಿ ಯಾರೂ ದಿಕ್ಕಿಲ್ಲವೇ?”

ಮುಂದಿನ ಸಾಲಿನಲ್ಲಿ ಕುರ್ಚಿ ಬಿದ್ದ ಸದ್ದಾಯಿತು. ಮುದುಕ ಎದ್ದಿದ್ದ. ಬಾಗಿಲ ಕಡೆಗಲ್ಲ, ತಡವರಿಸುತ್ತ ವೇದಿಕೆಯ ಕಡೆಗೇ ಬಂದ, ಮೊಣಕಾಲೂರಿ ಹತ್ತಿಯೂಬಿಟ್ಟ.

“ಯಾಂವಲೇ ಅಂವ, ದಿಕ್ಕಿಲ್ಲಂತ ಅನ್ನಾಂವ? ನಾ ಸತ್ತೀನೇನ್? ಇಕಿ ನನ್ನ ತಂಗಿ! ಕೋಲ್ ಕೆಳಗ ಇಳಸ್ತಿಯೋ ಇಲ್ಲೋ?”

ಸೈನಿಕ ಕೋಲು ಬಿಸಾಡಿ ಎರಡೂ ಕೈ ಎತ್ತಿದರು. “ನಾಟಕ ಮಾರಾಯ್ರೆ, ಇದು ನಾಟಕ!” ಜನ ಇದೂ ನಾಟಕದ್ದೇ ಎಂದುಕೊಂಡು ಚಪ್ಪಾಳೆ ಹೊಡೆದೇ ಹೊಡೆದರು. ನಾನು ಸೆರಗು ಬಾಯಿಗೆ ತುರುಕಿಕೊಂಡು ಅಳುತ್ತಲೂ ಇದ್ದೆ, ನಗುತ್ತಲೂ ಇದ್ದೆ.

ಅತ್ತೆ ನಿಂತಲ್ಲೇ ನಿಂತಿದ್ದರು. ಮುದುಕ ಗಾಳಿಯಲ್ಲಿ ಕೈಯಾಡಿಸಿ ಹುಡುಕಿದ. “ಎಲ್ಲದೀಯವಾ? ನಂಗ ಕಾಣವಲ್ದು.”

“ಇಲ್ಲೇ ಅದೀನೋ ಮೂಳಾ,” ಎಂದರು ಅತ್ತೆ, ಆ ಕೈಯನ್ನು ಹಿಡಿದುಕೊಂಡು. “ನಲವತ್ತು ವರ್ಷ ಆತು, ಇಲ್ಲೇ ಅದೀನಿ.”