ಸರ್ಜಾನ ಕಾಲು, ಗೂಳಪ್ಪನ ನುಚ್ಚು

ಬೆಳಗಿನ ಐದು ಗಂಟೆ. ಪುಣೆಯ ವಾನವಡಿಯ ಕಡೆ ಇನ್ನೂ ನಸುಗತ್ತಲೆ. ಸರದಾರರ ಬಂಗಲೆಯ ಹಿಂದಿನ ಅಂಗಳದಲ್ಲಿ ಮಾತ್ರ ಮೂರು ಕಲ್ಲಿನ ಒಲೆ ಉರಿಯುತ್ತಿದೆ. ಒಲೆಯ ಮೇಲೆ ಮೂರು ಕೊಡ ನೀರು ಹಿಡಿಯುವ ಹಂಡೆ, ಅದರೊಳಗೆ ಕೊತಕೊತ ಕುದಿಯುವ ಜೋಳದ ನುಚ್ಚು. ಉದ್ದನೆಯ ಸೌಟು ತಿರುವುತ್ತ ನಿಂತ ಗೂಳಪ್ಪ ಒಂದು ಹನಿಯನ್ನು ಮುಂಗೈ ಮೇಲೆ ಬಿಟ್ಟುಕೊಂಡು ನೋಡುತ್ತಾರೆ. ಬಿಸಿ ತಗ್ಗುವವರೆಗೆ ಯಾರಿಗೂ ಊಟವಿಲ್ಲ. ಬೇಲಿಯಾಚೆ ಹನ್ನೊಂದು ದೊಡ್ಡ ನಾಯಿಗಳೂ ಆರು ಮರಿಗಳೂ ಎದ್ದು ಕೂತಿವೆ, ಒಂದೂ ಬೊಗಳುವುದಿಲ್ಲ. ಬೊಗಳಿದವರ ಬೋಗುಣಿ ಎಲ್ಲರಿಗಿಂತ ಕೊನೆಗೆ ತುಂಬುತ್ತದೆ ಎಂಬ ಕಾನೂನು ಅವಕ್ಕೆಲ್ಲ ಗೊತ್ತಿದೆ.

ಇವತ್ತು ಗೂಳಪ್ಪನವರ ಕೈ ಎಂದಿಗಿಂತ ನಿಧಾನ. ಎರಡು ತಿಂಗಳು ಮಹಾಬಳೇಶ್ವರದ ತಂಪಿನಲ್ಲಿದ್ದ ಸರದಾರರು ನಿನ್ನೆ ಸಂಜೆ ಬಂದಿಳಿದಿದ್ದಾರೆ. ಎಂಟಕ್ಕೆ ಮರಿಗಳನ್ನು ನೋಡಲು ಬರುತ್ತಾರೆ. ಹೋಗುವಾಗ ಅವರು ಹೇಳಿ ಹೋದ ಮಾತು ಈ ಅಂಗಳದಲ್ಲಿ ಯಾರೂ ಮರೆತಿಲ್ಲ. ಸರ್ಜಾ ಎಂಬ ಗಂಡುಮರಿಯ ಮುಂಗಾಲುಗಳು ಬಿಲ್ಲಿನ ಹಾಗೆ ಬಾಗಿದ್ದವು. ತಾವು ತಿರುಗಿ ಬರುವಷ್ಟರಲ್ಲಿ ಅವು ನೆಟ್ಟಗಾಗಿರಬೇಕು, ಇಲ್ಲವಾದರೆ ಒಂದು ಗುಂಡಿಗೆ ಮುಗಿಸಿಬಿಡಬೇಕು. ಬೇಟೆಗೆ ಬಾರದ ನಾಯಿ ಅವರಿಗೆ ಬೇಕಿಲ್ಲ.

ಪುಣೆಯಲ್ಲಿ ಬೇಟೆಯ ಕಥೆ ಹೇಳುವವರಿಗೆ ಬರವಿಲ್ಲ. ಯಾರ ನಾಯಿ ಎಷ್ಟು ಮೊಲ ಹಿಡಿಯಿತು, ಯಾರದು ನರಿಯನ್ನು ಎಲ್ಲಿಯವರೆಗೆ ಅಟ್ಟಿಸಿಕೊಂಡು ಹೋಯಿತು ಎಂದು ಗಂಟೆಗಟ್ಟಲೆ ಹೇಳುತ್ತಾರೆ. ಆ ನಾಯಿ ಮರಿಯಾಗಿದ್ದಾಗ ಅದಕ್ಕೆ ಯಾರು ಏನು ಬೇಯಿಸಿ ಹಾಕಿದರು ಎಂದು ಕೇಳಿ ನೋಡಿ, ಎಲ್ಲರ ಬಾಯಿಗೂ ಬೀಗ. ಹಾಕಿದವರು ಇಲ್ಲಿದ್ದಾರೆ. ಮೊಣಕಾಲುದ್ದ ಧೋತರ, ಹೊಗೆಯಿಂದ ಕೆಂಪಾದ ಕಣ್ಣು, ಐವತ್ತು ದಾಟಿದ ವಯಸ್ಸು. ಮುಧೋಳ ಸೀಮೆಯ ಕುರಿಗಾರರ ಮನೆಯಲ್ಲಿ ಹುಟ್ಟಿ, ಎರಡು ನಾಯಿಮರಿಗಳನ್ನು ಕಂಬಳಿಯಲ್ಲಿ ಸುತ್ತಿಕೊಂಡು ಸರದಾರರಿಗೆ ಒಪ್ಪಿಸಲು ಬಂದವರು ಇಲ್ಲೇ ಉಳಿದರು. ಅದಾಗಿ ಹತ್ತೊಂಬತ್ತು ವರ್ಷ. ಅಂದಿನಿಂದ ಅವರ ಕೈಯಲ್ಲಿ ಬೆಳೆದ ಮರಿಗಳು ಅರವತ್ತಕ್ಕೂ ಹೆಚ್ಚು.

ದಿನದ ಲೆಕ್ಕ ಅವರ ಬಾಯಲ್ಲೇ ಇದೆ. ಆರು ಸೇರು ನುಚ್ಚು, ಹತ್ತು ಸೇರು ಮಜ್ಜಿಗೆ, ನಾಲ್ಕು ಸೇರು ಮಾಂಸ, ಮರಿಗಳಿಗೆ ತಲೆಗೆ ಅರ್ಧ ತತ್ತಿ. ದೊಡ್ಡವಕ್ಕೆ ಎರಡು ಹೊತ್ತು, ಮರಿಗಳಿಗೆ ನಾಲ್ಕು ಹೊತ್ತು, ಪ್ರತಿ ಸಲವೂ ಸ್ವಲ್ಪ ಸ್ವಲ್ಪ. ಎಂಟು ದಿನಕ್ಕೊಮ್ಮೆ ಪ್ರತಿ ಮರಿಯನ್ನೂ ಹಳೆಯ ಸೀರೆಯ ಜೋಳಿಗೆಯಲ್ಲಿ ಹಾಕಿ, ಬೇವಿನ ಕೊಂಬೆಗೆ ಕಟ್ಟಿದ ತಕ್ಕಡಿಗೆ ತೂಗುಬಿಡುತ್ತಾರೆ. ಆದರೆ ತಕ್ಕಡಿಯನ್ನು ಅವರು ಪೂರಾ ನಂಬುವುದಿಲ್ಲ.

"ತಕ್ಕಡಿಗೆ ಕೊಬ್ಬು ಯಾವುದು, ಎಲುಬು ಯಾವುದು ಗೊತ್ತಾಗಂಗಿಲ್ರಿ" ಎನ್ನುತ್ತಾರೆ. "ಕೈ ಹಚ್ಚಿ ನೋಡಬೇಕು. ಹಿಂದಿನ ಎರಡು ಪಕ್ಕೆಲುಬು ಕಣ್ಣಿಗೆ ಕಾಣಬೇಕು, ಉಳಿದದ್ದು ಬೆರಳಿಗೆ ಹತ್ತಬೇಕು. ಎಲ್ಲಾ ಕಣ್ಣಿಗೇ ಕಂಡ್ರ ಹಸಿವು. ಬೆರಳಿಗೂ ಹತ್ತಲಿಲ್ಲಂದ್ರ ಅದು ನಾವು ಮಾಡಿದ ಪಾಪ."

ಇದನ್ನು ಅವರು ಸುಮ್ಮನೆ ಕಲಿಯಲಿಲ್ಲ. ಬಂದ ಮೊದಲ ವರ್ಷದ ಕಥೆಯನ್ನು ಯಾರೂ ಕೇಳದಿದ್ದರೂ ತಾವೇ ಹೇಳುತ್ತಾರೆ. ಊರಲ್ಲಿ ಕುರಿ ಕಾಯುವ ನಾಯಿಗಳಿಗೆ ನುಚ್ಚು-ಮಜ್ಜಿಗೆ ಬಿಟ್ಟು ಬೇರೇನೂ ಹಾಕುತ್ತಿರಲಿಲ್ಲ, ಅವು ಗಾಳಿಗೆ ಪೈಪೋಟಿ ಕೊಟ್ಟು ಓಡುತ್ತಿದ್ದವು. ಹಾಗಾಗಿ ಇಲ್ಲಿಯೂ ಅದನ್ನೇ ಹಾಕಿದರು. ಬಂಗಲೆಯವರು ಮಾಂಸ ಕಳಿಸಿದರೆ ಸೊಕ್ಕಿನ ಊಟ ಬೇಡವೆಂದು ತಿರುಗಿ ಕಳಿಸಿದರು. ಎರಡು ತಿಂಗಳಲ್ಲಿ ಮರಿಗಳ ಕೂದಲು ಹುಲ್ಲಿನಂತೆ ಒರಟಾಯಿತು, ಹೊಟ್ಟೆ ಮಾತ್ರ ಡುಬ್ಬವಾಯಿತು. ಒಂದು ಮರಿ ಸತ್ತೇಹೋಯಿತು.

"ಊರಾಗ ನಾಯಿ ನಾವು ಹಾಕಿದ್ದಷ್ಟ ತಿಂದಿತ್ತೇನ್ರಿ?" ಎಂದು ಗೂಳಪ್ಪ ಕೇಳುತ್ತಾರೆ. "ಅಡವ್ಯಾಗ ಸತ್ತ ಕುರಿ ತಿಂತಿತ್ತು, ಇಲಿ ಹಿಡೀತಿತ್ತು, ಎಲುಬು ಕಡೀತಿತ್ತು. ನಾ ನೋಡಿದ್ದು ನುಚ್ಚು ಒಂದ. ಇಲ್ಲಿ ಗೋಡೆ ಒಳಗ ಇಟ್ಟು, ನುಚ್ಚು ಹಾಕಿ, ಓಡು ಅಂದ್ರ ಹೆಂಗ ಓಡೀತು? ನನ್ನ ಶಾಣ್ಯಾತನಕ್ಕ ಒಂದು ಜೀವ ಹೋತು."

ತಮ್ಮ ಊರಿನ ಪದ್ಧತಿಯೇ ದೊಡ್ಡದೆಂದು ಕೊನೆತನಕ ಹಟ ಹಿಡಿಯುವವರನ್ನು ನಾವು ಬೇಕಾದಷ್ಟು ಕಂಡಿದ್ದೇವೆ. ತಪ್ಪನ್ನು ಒಪ್ಪಿಕೊಂಡು, ಅದನ್ನೇ ಪಾಠ ಮಾಡಿಕೊಂಡು ಹತ್ತೊಂಬತ್ತು ವರ್ಷ ಬೇಯಿಸಿದವರು ಎಷ್ಟು ಜನ? ಗೂಳಪ್ಪನವರ ಮೇಲೆ ಗೌರವ ಹುಟ್ಟುವುದು ಅಲ್ಲಿಯೇ.

ಸರ್ಜಾನ ಕಷ್ಟ ಇದರ ತದ್ವಿರುದ್ಧ ದಿಕ್ಕಿನಿಂದ ಬಂತು. ಈ ವರ್ಷ ಶಿವರಾತ್ರಿಯ ಹೊತ್ತಿಗೆ ಗೂಳಪ್ಪ ಚಳಿಜ್ವರ ಹಿಡಿದು ಐದು ವಾರ ಮಲಗಿಬಿಟ್ಟರು. ಆ ಐದು ವಾರ ಮರಿಗಳ ಊಟ ಬಂಗಲೆಯ ಅಡುಗೆಮನೆಯಿಂದ ಬಂತು. ಎಲುಬು ತೆಗೆದ ಮೆತ್ತನೆಯ ಮಾಂಸ, ತುಪ್ಪ ಸವರಿದ ಪಾವುರೊಟ್ಟಿ, ಅತಿಥಿಗಳು ಬಂದ ದಿನ ಪೇಢೆ. ಮರಿಗಳು ಗುಂಡಗುಂಡಗಾದವು, ನೋಡಿದವರಿಗೆಲ್ಲ ಸಂತೋಷ. ಎಲ್ಲಕ್ಕಿಂತ ಹೊಟ್ಟೆಬಾಕವಾದ ಸರ್ಜಾ ಮೂರೂವರೆ ತಿಂಗಳಿಗೇ ಮೂವತ್ತು ಪೌಂಡ್ ತೂಗಿತು. ಆ ವಯಸ್ಸಿಗೆ ಇಪ್ಪತ್ತು ಇದ್ದರೆ ಸಾಕಿತ್ತು. ಅತಿಯಾದರೆ ಅಮೃತವೂ ವಿಷ ಎನ್ನುತ್ತಾರೆ. ಎಳೆ ಎಲುಬು ಆ ಭಾರ ಹೊರಲಾರದೆ ಬಾಗಿತು.

ಜ್ವರ ಬಿಟ್ಟು ಎದ್ದುಬಂದ ಗೂಳಪ್ಪ ಮರಿಯ ಪಕ್ಕೆ ಮುಟ್ಟಿ ನೋಡಿ ಅಲ್ಲೇ ನೆಲಕ್ಕೆ ಕೂತರಂತೆ. ಅದನ್ನು ನೆನೆಸಿಕೊಂಡು ಹೇಳುವವರು ಬಂಗಲೆಯ ಕಾರಕೂನ, ಧಾರವಾಡದ ಬಿಂದುಮಾಧವ.

"ನಾನೂ ಹೇಳಿದೆ, ಗೂಳಪ್ಪ, ಊಟಾ ಪೂರಾ ಬಂದ್ ಮಾಡು, ತೂಕಾ ತಾನ ಇಳೀತದ ಅಂತ" ಎನ್ನುತ್ತಾರೆ ಬಿಂದುಮಾಧವರು. "ಅದಕ್ಕ ಅವಾ ಏನಂದ ಗೊತ್ತದೇನ್ರಿ? ರಾಯರ, ಬೆಳಿಯೋ ಕೂಸನ್ನ ಉಪವಾಸ ಕೆಡವಿದ್ರ ಎಲುಬು ಬೆಳಿಯೂದೂ ನಿಲ್ತದ. ತೂಕಾ ನಿಲ್ಲಿಸಬೇಕು, ಎಲುಬು ಬೆಳೆಸಬೇಕು ಅಂದ. ನಂಗ ಭಾಳ ಆಶ್ಚರ್ಯ ಆತು. ನಾ ನಾಕು ಬುಕ್ಕು ಓದಿದವಾ, ನಂಗ ಹೊಳೀಲಿಲ್ಲ ನೋಡ್ರಿ."

ಆ ಕೆಲಸವೇ ಎರಡು ತಿಂಗಳು ನಡೆದಿದೆ. ಕುರಿಯ ಎಲುಬನ್ನು ಬಿಳಿ ಬೂದಿಯಾಗುವವರೆಗೆ ಸುಟ್ಟು, ಒರಳಲ್ಲಿ ಕುಟ್ಟಿ, ತೆಳು ಬಟ್ಟೆಯಲ್ಲಿ ಸೋಸಿ ಡಬ್ಬಿಯಲ್ಲಿಟ್ಟುಕೊಂಡಿದ್ದಾರೆ. ಪ್ರತಿ ಊಟಕ್ಕೆ ಅದರಲ್ಲಿ ಎರಡೇ ಎರಡು ಚಿಟಿಕೆ. ಮಾಂಸ ಮೊದಲಿನ ಅರ್ಧ, ನುಚ್ಚು ತೆಳ್ಳಗೆ, ತುಪ್ಪ ಬಂದ್. ಎಳೆಬಿಸಿಲಲ್ಲಿ ಅಂಗಳದ ಉಸುಕಿನ ಮೇಲೆ ನಿಧಾನ ನಡಿಗೆ. ಮೊದಲ ವಾರ ಸರ್ಜಾ ಹಸಿವಿಗೆ ಅತ್ತದ್ದು ಅಷ್ಟಿಷ್ಟಲ್ಲ. ಗೂಳಪ್ಪ ಅದರ ಪಕ್ಕದಲ್ಲೇ ಕೂತು ಬೆನ್ನು ಸವರುತ್ತಿದ್ದರು, ಒಂದು ತುತ್ತು ಹೆಚ್ಚಿಗೆ ಹಾಕಲಿಲ್ಲ. ಕೊಡುವುದು ಸುಲಭ, ಕೊಡದೆ ಕೂರುವುದಕ್ಕೆ ಎದೆ ಗಟ್ಟಿ ಇರಬೇಕು.

ಅವರ ಹೆಂಡತಿ ಶಿವಗಂಗವ್ವನಿಗೆ ಈ ಶಿಸ್ತು ತಮಾಷೆಯ ವಿಷಯ. "ಲಗ್ನಾ ಆದಾಗಿಂದ ನಿಂದು ಊಟಾ ಆತೇನು ಅಂತ ನನ್ನ ಒಂದಿನಾ ಕೇಳಿಲ್ರಿ. ನಾಯಿ ಎಷ್ಟು ತುತ್ತು ತಿಂತು ಅಂತ ನಿದ್ದಿಗಣ್ಣಾಗೂ ಹೇಳ್ತಾರ" ಎಂದು ನಗುತ್ತಾರೆ. ಹಾಗೆಂದರೂ ಜ್ವರದ ದಿನಗಳಲ್ಲಿ ಗಂಡನ ಮಾತು ಕಟ್ಟಿಕೊಂಡು ಬಂಗಲೆಗೆ ಹೋಗಿ, ಪೇಢೆ ಹಾಕಬೇಡಿ ಎಂದು ಹೇಳಿಬಂದವರೂ ಅವರೇ. ಆದರೆ ಹಿತ್ತಲ ಗಿಡ ಮದ್ದಲ್ಲ. ಅವರ ಮಾತನ್ನು ಅಡುಗೆಮನೆಯವರು ಕಿವಿಗೆ ಹಾಕಿಕೊಳ್ಳಲಿಲ್ಲ.

ಎಂಟು ಹೊಡೆಯುತ್ತದೆ. ಸರದಾರರು ಬೆತ್ತ ಹಿಡಿದು ಅಂಗಳಕ್ಕೆ ಇಳಿಯುತ್ತಾರೆ, ಹಿಂದೆ ಬಿಂದುಮಾಧವರು. ಗೂಳಪ್ಪ ಮರಿಗಳನ್ನು ಒಂದೊಂದಾಗಿ ನಡೆಸುತ್ತಾರೆ, ಸರ್ಜಾನನ್ನು ಕಡೆಗೆ. ಎರಡು ತಿಂಗಳಲ್ಲಿ ಅದರ ತೂಕ ನಾಲ್ಕೇ ಪೌಂಡ್ ಏರಿದೆ, ಎತ್ತರ ಒಂದು ಗೇಣು. ಮೈ ಸಪೂರವಾಗಿದೆ, ಕೂದಲು ಮಿಂಚುತ್ತಿದೆ. ಉಸುಕಿನ ಮೇಲೆ ಅದು ಹೋಗಿ ಬರುವುದನ್ನು ಸರದಾರರು ಮೂರು ಸಲ ನೋಡುತ್ತಾರೆ. ಬಲಗಾಲು ನೆಟ್ಟಗಿದೆ. ಎಡಗಾಲಿನಲ್ಲಿ ಕೂದಲೆಳೆಯಷ್ಟು ಬಾಗು ಇನ್ನೂ ಉಳಿದಿದೆ.

"ಎಡಗಾಲು?" ಎಂದು ಸರದಾರರು ಮರಾಠಿಯಲ್ಲಿ ಕೇಳುತ್ತಾರೆ.

ಗೂಳಪ್ಪ ಮುಚ್ಚಿಡುವುದಿಲ್ಲ. ಅದು ಇಷ್ಟೇ, ಇನ್ನು ಪೂರಾ ಸರಿಯಾಗಲಿಕ್ಕಿಲ್ಲ ಎಂದು ತಮ್ಮ ಹರಕು ಮರಾಠಿಯಲ್ಲೇ ಹೇಳುತ್ತಾರೆ. ನಡೆಯಬಹುದು, ಓಡಬಹುದು, ನರಿಯ ಬೆನ್ನು ಹತ್ತುವುದು ಆಗದು. ಅಷ್ಟು ಹೇಳಿ ಸರ್ಜಾನ ಕೊರಳಪಟ್ಟಿ ಹಿಡಿದು ನಿಲ್ಲುತ್ತಾರೆ.

ಸರದಾರರು ಬೆತ್ತ ಕಾರಕೂನರ ಕೈಗಿತ್ತು ಬಗ್ಗುತ್ತಾರೆ. ಮರಿಯ ಪಕ್ಕೆಯ ಮೇಲೆ ಬೆರಳಾಡಿಸುತ್ತಾರೆ. ಎದ್ದು, "ಗುಂಡು ಬೇಡ" ಎನ್ನುತ್ತಾರೆ. ಬೆತ್ತ ತಿರುಗಿ ತೆಗೆದುಕೊಳ್ಳುತ್ತ ಇನ್ನೊಂದು ಮಾತು ಸೇರಿಸುತ್ತಾರೆ: "ಬೇಟೆಗಂತೂ ಇದು ಆಗದು. ಇಷ್ಟು ಮಾಡಿದವನು ನೀನು. ಮನೆಗೆ ಒಯ್ಯಿ, ಇದು ಇನ್ನು ನಿನ್ನದು."

ಅರವತ್ತು ಮರಿಗಳನ್ನು ಬೆಳೆಸಿದ ಮನುಷ್ಯನಿಗೆ ತನ್ನದು ಅನ್ನುವ ಒಂದು ನಾಯಿ ಎಂದೂ ಇರಲಿಲ್ಲ. ಬೆಳೆದವೆಲ್ಲ ಯಾವಯಾವುದೋ ಸಂಸ್ಥಾನಕ್ಕೆ, ಯಾವಯಾವುದೋ ಸಾಹೇಬರ ಬಂಗಲೆಗೆ ಹೋದವು. ಗೂಳಪ್ಪ ಸರ್ಜಾನ ಮುಖ ನೋಡುತ್ತಾರೆ. ಅದು ಬಾಲ ಆಡಿಸುತ್ತದೆ. ಅವರ ಕಣ್ಣು ತುಂಬಿ ಬರುತ್ತದೆ. ಆಮೇಲೆ ಅವರು ಕಾರಕೂನರ ಕಡೆ ತಿರುಗುತ್ತಾರೆ. ಇಂಥ ಮಾತು ಹೇಳಲು ಅವರ ಮರಾಠಿ ಸಾಲದು.

"ಒಯ್ಯಾಂಗಿಲ್ಲ ಅಂತ ಹೇಳ್ರಿ, ರಾಯರ" ಎನ್ನುತ್ತಾರೆ. "ನಮ್ಮದು ಚಾಳಿನಾಗ ಒಂದ ಖೋಲಿ. ಓಡಾಕ ಜಾಗಾ ಇಲ್ಲ. ಕಟ್ಟಿಹಾಕಿದ್ರ ಮೈ ಬರ್ತದ, ಮೈ ಬಂದ್ರ ಕಾಲು ಮತ್ತ ಬಾಗ್ತಾವು. ಇಲ್ಲೇ ಉಸುಕಿನ ಮ್ಯಾಲೆ ಆಡಿಕೊಂಡಿರ್ಲಿ. ಇದರ ಬೋಗುಣಿ ಮಾತ್ರ ನನ್ನ ಕೈಯಾಗ ಬಿಡಾಕ ಹೇಳ್ರಿ, ಮತ್ತೇನೂ ಬ್ಯಾಡ."