ಸೋಮವಾರ ನೀರಿಗಿಳಿಯದ ಹರಿಗೋಲು

ಕೋಳಿ ಕೂಗಿ ಸ್ವಲ್ಪ ಹೊತ್ತಾಗಿದೆ. ಅನುಗೊಂಡನಹಳ್ಳಿ ಹೋಬಳಿಯ ಬಿದರಸಂದ್ರದ ಕೆರೆಯ ಮೇಲೆ ಮಾಘದ ಮಂಜು ಇನ್ನೂ ಕರಗಿಲ್ಲ. ಖಾಸಿಂ ಸಾಬರು ಹರಿಗೋಲನ್ನು ತಲೆಯ ಮೇಲೆ ಕವುಚಿಕೊಂಡು ಏರಿಯಿಂದ ನೀರಿನ ಕಡೆಗೆ ಇಳಿಯುತ್ತಿದ್ದಾರೆ. ಹಿಂದಿನಿಂದ ನೋಡಿದವರಿಗೆ ದೊಡ್ಡ ಬುಟ್ಟಿಯೊಂದಕ್ಕೆ ಕಾಲು ಬಂದು ತಾನೇ ನಡೆದುಕೊಂಡು ಹೋಗುತ್ತಿರುವಂತೆ ಕಾಣುತ್ತದೆ. ದಡದಲ್ಲಿ ಅದನ್ನು ಮೆಲ್ಲಗೆ ಇಳಿಸಿ, ಚರ್ಮದ ಅಂಚನ್ನು ಒಮ್ಮೆ ಸವರಿ, ಒಂದು ಕಾಲು ಒಳಗಿಟ್ಟು ಇನ್ನೊಂದರಿಂದ ದಡವನ್ನು ಒದೆಯುತ್ತಾರೆ.

ಹರಿಗೋಲಿಗೆ ಮುಂದು ಹಿಂದು ಎಂಬುದಿಲ್ಲ. ಹುಟ್ಟು ಹಾಕಲು ಬಾರದವನು ಹತ್ತಿದರೆ ಇದ್ದಲ್ಲೇ ಬುಗುರಿಯಂತೆ ಸುತ್ತುತ್ತಾನೆ. ಊರಿಗೆ ಬಂದ ಹೊಸ ಅಳಿಯಂದಿರು ಹುಮ್ಮಸ್ಸಿನಿಂದ ಹತ್ತಿ, ತಲೆ ತಿರುಗಿ, ದಡಕ್ಕೆ ಬಿಡಿ ಸಾಬರೇ ಎಂದು ಅಂಗಲಾಚಿದ್ದುಂಟು. ಖಾಸಿಂ ಸಾಬರ ಕೈಯಲ್ಲಿ ಮಾತ್ರ ಅದು ಹೇಳಿದ ಮಾತು ಕೇಳುತ್ತದೆ. ಕೆರೆಯ ನಡುವೆ ಮುಳುಗಿದ ಜಾಲಿ ಮರಗಳ ಹತ್ತಿರ ಸಂಜೆಯೇ ಬಿಟ್ಟಿದ್ದ ಬಲೆಯ ಬೆಂಡುಗಳು ತೇಲುತ್ತಿವೆ. ಎಳೆದಂತೆಲ್ಲ ಮೀನು ಬರುತ್ತದೆ: ಮೊದಲು ಎರಡು ಗೆಂಡೆ, ಆಮೇಲೆ ಮೀಸೆ ಅಲ್ಲಾಡಿಸುವ ಒಂದು ಬಾಳೆ ಮೀನು, ಕೊನೆಗೆ ಮೊಳದುದ್ದದ ಒಂದು ಕೊರವ. ಕೊರವ ಸುಲಭಕ್ಕೆ ಸಾಯುವ ಜಾತಿಯಲ್ಲ, ಹರಿಗೋಲಿನ ತಳದಲ್ಲಿ ಬಿದ್ದುಕೊಂಡೇ ಹೊರಗೆ ಹಾರುವ ದಾರಿ ಹುಡುಕುತ್ತದೆ. ಅದರ ಮೇಲೊಂದು ಒದ್ದೆ ಗೋಣಿ ಬೀಳುತ್ತದೆ.

ಇವುಗಳಲ್ಲಿ ಯಾವ ಮೀನು ಹೆಚ್ಚು ರುಚಿ ಎಂದು ಬರೆದುಕೊಳ್ಳಲು ಪುಸ್ತಕ ಹಿಡಿದು ದಡದಲ್ಲಿ ನಿಂತು ಕೇಳಿದರೆ ಅವರು ನಗುತ್ತಾರೆ.

"ಕೆಲ್ಸದ್ ಹೊತ್ನಲ್ಲಿ ಬಾಯಲ್ಲಿ ನೀರ್ ಬರೋ ಮಾತ್ ಬ್ಯಾಡ ಸ್ವಾಮಿ. ನಾಳೆ ಸೋಮ್ವಾರ, ನಮ್ಗೆ ರಜ. ನಾಳೆ ಬನ್ನಿ, ಹೇಳ್ತೀನಿ."

ಶುಕ್ರವಾರ ನಮಾಜಿಗೆ ಹೋಗುವ ಮನುಷ್ಯ ಸೋಮವಾರ ಯಾಕೆ ರಜ ಮಾಡುತ್ತಾರೆ ಎಂಬುದು ಈ ಸುತ್ತಿನ ಹಳ್ಳಿಗಳಿಗೆ ಗೊತ್ತು. ಹೊರಗಿನಿಂದ ಬಂದವರು ಕೇಳಿ ತಿಳಿಯಬೇಕು.

ಬಿಸಿಲು ಏರುವ ಮೊದಲೇ ಅವರ ಹೆಂಡತಿ ಬಶೀರುನ್ನೀಸಾ ತೂಬಿನ ಪಕ್ಕದ ಕಲ್ಲಿನ ಮೇಲೆ ಬುಟ್ಟಿ ಇಟ್ಟುಕೊಂಡು ಕೂತಿರುತ್ತಾರೆ. ಕೊಳ್ಳುವವರು ಅಲ್ಲಿಗೇ ಬರುತ್ತಾರೆ. ಯಾವ ಮೀನು ಯಾರಿಗೆ ಎಂಬುದನ್ನು ನಿರ್ಧರಿಸುವವರು ಹೆಚ್ಚಾಗಿ ಆಕೆಯೇ. ಜ್ವರ ಬಿಟ್ಟು ಎದ್ದವರ ಮನೆಗೆ, ಬಾಣಂತಿ ಇರುವ ಮನೆಗೆ ಕೊರವ. ಅದಕ್ಕೆ ನಡುಮುಳ್ಳು ಬಿಟ್ಟರೆ ತಂಟೆಯಿಲ್ಲ, ಸಾರಿನಲ್ಲಿ ತುಂಡು ಒಡೆಯುವುದಿಲ್ಲ. ಹಲ್ಲು ಗಟ್ಟಿಯಿದ್ದು ಪುರುಸೊತ್ತೂ ಇದ್ದವರಿಗೆ ಗೆಂಡೆ. ಅದರಲ್ಲಿ ಮುಳ್ಳು ಹೆಚ್ಚು, ಸಿಹಿಯೂ ಹೆಚ್ಚು. ಆಕೆಯ ಮಟ್ಟಿಗೆ ಗೆಂಡೆಯ ತಲೆಗೆ ಸಮನಾದದ್ದು ಇನ್ನೊಂದಿಲ್ಲ. ಬಾಳೆ ಮೀನು ಕೊಬ್ಬಿನದು, ಖಾರ ಕಡಿಮೆಯಾದರೆ ನಾಲಿಗೆಗೆ ಅಂಟುತ್ತದೆ. ಬೇಸಿಗೆಯಲ್ಲಿ ಕೆರೆ ತಗ್ಗಿದಾಗ ಎಲ್ಲ ಮೀನಿಗೂ ಕೆಸರಿನ ವಾಸನೆ. ಆಗ ಬೂದಿ, ಉಪ್ಪು ಹಾಕಿ ಉಜ್ಜಿ, ಹುಳಿಮಜ್ಜಿಗೆಯಲ್ಲಿ ತೊಳೆದು ಬೇಯಿಸಿ ಎಂದು ಹೇಳಿಯೇ ಮಾರುತ್ತಾರೆ. ರುಚಿಯ ವಿಷಯದಲ್ಲಿ ಗಂಡ ಹೆಂಡತಿಗೆ ಮದುವೆಯಾದಾಗಿನಿಂದ ಜಗಳ. ಆತನದು ಕೊರವ, ಆಕೆಯದು ಗೆಂಡೆ. ಆ ಜಗಳ ಮುಗಿದರೆ ಮನೆ ಬಿಕೋ ಎನ್ನುತ್ತದೆ ಎಂದು ಆಕೆಯೇ ಹೇಳುತ್ತಾರೆ.

ಹರಿಗೋಲು ಖಾಸಿಂ ಸಾಬರಿಗೆ ಬಂದದ್ದು ತಂದೆ ಇಮಾಮ್ ಸಾಬರಿಂದ. ದಡದಲ್ಲಿ ನಿಂತು ಬಲೆ ಬೀಸುವವರು ಈ ಕಡೆ ಬೇಕಾದಷ್ಟು ಜನ ಇದ್ದಾರೆ. ಆದರೆ ದೊಡ್ಡ ಮೀನೆಲ್ಲ ಇರುವುದು ನಡುಗೆರೆಯ ಜಾಲಿ ಬೊಡ್ಡೆಗಳ ಸಂದಿಯಲ್ಲಿ. ಹರಿಗೋಲಿಲ್ಲದೆ ಅಲ್ಲಿಗೆ ಹೋಗುವಂತಿಲ್ಲ. ಬಿದಿರಿನ ಚೌಕಟ್ಟು ಹೆಣೆಯುವುದು ಕಷ್ಟವಲ್ಲ, ಮೇಲೆ ಹೊದಿಸುವ ಚರ್ಮದ್ದೇ ತಾಪತ್ರಯ. ಬ್ರಿಟಿಷರ ಈ ಮಹಾಯುದ್ಧ ಶುರುವಾದ ಮೇಲೆ ಸುತ್ತಮುತ್ತಲಿನ ತೊಗಲೆಲ್ಲ ಸಿಪಾಯಿಗಳ ಬೂಟಿಗೆಂದು ಗಾಡಿಗಟ್ಟಲೆ ಹೋಗತೊಡಗಿತು. ಹಳೆಯ ಚರ್ಮ ಕೊಳೆತು ತೂತಾಯಿತು. ಖಾಸಿಂ ಸಾಬರು ಒಂದು ಮಳೆಗಾಲ ಪೂರ್ತಿ ದಡದಲ್ಲೇ ಕಾಲ ಕಳೆದರು. ಬರೀ ಚಿಲ್ಲರೆ ಮೀನು. ಮನೆಯಲ್ಲಿ ಒಲೆ ಉರಿಯುವುದೇ ಕಷ್ಟವಾಗಿತ್ತು.

ಆಗಲೇ ಅಪ್ಪಯ್ಯಣ್ಣನವರ ಎತ್ತು ಸತ್ತಿತು. ಕೆರೆಯ ಕೆಳಗೆ ಗದ್ದೆ ಇರುವ ಅಪ್ಪಯ್ಯಣ್ಣನವರಿಗೆ ಈಗ ಅರವತ್ತು ದಾಟಿದೆ. ಎತ್ತಿನ ಹೆಸರು ಬೂದ. ಅವರ ಕೈಯಲ್ಲೇ ಹುಟ್ಟಿ, ಅವರ ನೊಗದಲ್ಲೇ ಮುದಿಯಾಗಿ, ಕೊಟ್ಟಿಗೆಯಲ್ಲೇ ಕಣ್ಣು ಮುಚ್ಚಿತ್ತು. ಅದನ್ನು ಹೊಲದ ಮೂಲೆಯಲ್ಲಿ ಹೂಳಲು ಗುಂಡಿ ತೋಡಿದ್ದರು. ಖಾಸಿಂ ಸಾಬರು ಸುದ್ದಿ ಕೇಳಿ ಓಡಿಹೋದರು. ಹೋದ ಮೇಲೆ ಚರ್ಮ ಕೇಳಲು ಬಾಯಿ ಬರಲಿಲ್ಲ. ಗುಂಡಿಯ ಅಂಚಿನಲ್ಲಿ ನಿಂತರು. ಅವರು ಯಾಕೆ ಬಂದಿದ್ದಾರೆಂದು ಅರ್ಥ ಮಾಡಿಕೊಂಡವರು ಅಪ್ಪಯ್ಯಣ್ಣನವರ ಹೆಂಡತಿ ಮುನಿವೆಂಕಟಮ್ಮ. ಬೂದ ದಿನಾ ಆ ಕೆರೆಯ ನೀರನ್ನೇ ಕುಡಿದವನು, ಅಲ್ಲೇ ಇರಲಿ ಬಿಡಿ ಎಂದು ಆಕೆ ಗಂಡನಿಗೆ ಹೇಳಿದರು. ಅಪ್ಪಯ್ಯಣ್ಣ ಬಗ್ಗಿ ಬೂದನ ಕೊಂಬನ್ನು ಒಮ್ಮೆ ಸವರಿದರು. ಆಮೇಲೆ ಆಡಿದ ಮಾತನ್ನು ಖಾಸಿಂ ಸಾಬರು ಹಾಗೇ ನೆನಪಿಟ್ಟುಕೊಂಡಿದ್ದಾರೆ.

"ತಗೊಂಡ್ ಹೋಗು. ಆದ್ರೆ ಸೋಮ್ವಾರ ಅವನ್ನ ಕೆಲ್ಸಕ್ಕೆ ಹಾಕ್ಬ್ಯಾಡ. ಅವ್ನು ಹುಟ್ಟಿದಾಗ್ನಿಂದ ಸೋಮ್ವಾರ ನೊಗ ಹೊತ್ತಿಲ್ಲ."

ಈ ಸೀಮೆಯಲ್ಲಿ ಸೋಮವಾರ ಬಸವನ ದಿನ. ಆ ದಿನ ಯಾರೂ ಎತ್ತು ಕಟ್ಟುವುದಿಲ್ಲ, ಮೈ ತೊಳೆದು ಮೇಯಲು ಬಿಡುತ್ತಾರೆ. ಸತ್ತ ಎತ್ತಿಗೂ ಆ ರಜ ಉಂಟೇ ಎಂದು ಖಾಸಿಂ ಸಾಬರು ಕೇಳಲಿಲ್ಲ, ಒಪ್ಪಿಕೊಂಡರು. ಮುನಿರಾಮಯ್ಯ ಎಂಬುವರು ತಂಗಡಿ ತೊಗಟೆಯಲ್ಲಿ ಚರ್ಮ ಹದ ಮಾಡಿಕೊಟ್ಟರು. ದೊಡ್ಡ ಎತ್ತು, ಕಾಲಿನ ಕಡೆಯ ಸಂದಿಗಳನ್ನು ಹೊಲಿದ ಮೇಲೆ ಒಬ್ಬಾಳಿನ ಹರಿಗೋಲಿಗೆ ಒಂದೇ ಚರ್ಮ ಸಾಕಾಯಿತು. ಮೊದಲ ಸೋಮವಾರ ಹರಿಗೋಲನ್ನು ಏರಿಯ ಮೇಲೆ ಕವುಚಿಟ್ಟು ಖಾಸಿಂ ಸಾಬರು ಬಲೆ ಹೊಲಿಯುತ್ತ ಕೂತಿದ್ದಾಗ ಅಪ್ಪಯ್ಯಣ್ಣ ಒಂದು ಡಬ್ಬಿ ಹೊಂಗೆ ಎಣ್ಣೆ ಹಿಡಿದುಕೊಂಡು ಬಂದರು. ಒದ್ದೆ ಬಟ್ಟೆಯಿಂದ ಚರ್ಮ ಒರೆಸಿ, ಬಿಸಿಲಿಗೆ ಒಣಗಿಸಿ, ಅಂಗೈಯಿಂದ ಎಣ್ಣೆ ತಿಕ್ಕಿದರು. ಬೂದನ ಮೈ ತೊಳೆಯುತ್ತಿದ್ದ ಹೊತ್ತಿಗೇ, ತೊಳೆಯುತ್ತಿದ್ದ ರೀತಿಯಲ್ಲೇ. ಅಲ್ಲಿಂದ ಪ್ರತಿ ಸೋಮವಾರ ಇದೇ ಪರಿಪಾಠ. ಅವರು ಸೋಮವಾರ ಮೀನು ಮುಟ್ಟುವವರಲ್ಲ, ಆದ್ದರಿಂದ ಅವರ ಪಾಲಿನ ಮೀನು ಮಂಗಳವಾರ ಮನೆಗೆ ಹೋಗುತ್ತದೆ. ಅದು ಬಾಳೆಯೂ ಅಲ್ಲ, ಕೊರವವೂ ಅಲ್ಲ. ಅಪ್ಪಯ್ಯಣ್ಣನವರಿಗೆ ಬೇಕಾದದ್ದು ಬೆರಳುದ್ದದ ಸಸಲು. ಹೆಂಚಿನ ಮೇಲೆ ಗರಿಗರಿಯಾಗಿ ಹುರಿದು, ಮುಳ್ಳು ಸಮೇತ ಅಗಿದು, ಬಿಸಿ ಮುದ್ದೆಯ ಜೊತೆ ಉಣ್ಣಬೇಕು. ದೊಡ್ಡ ಮೀನೆಲ್ಲ ದೊಡ್ಡಸ್ತಿಕೆಗೆ ತಿನ್ನುವುದು ಎಂದು ಅವರು ಖಾಸಿಂ ಸಾಬರನ್ನು ಗೇಲಿ ಮಾಡುತ್ತಿದ್ದರು.

ಹೋದ ವರ್ಷ ಎಡವಿದ್ದು ಖಾಸಿಂ ಸಾಬರೇ. ಬಲೆ ಹರಿದು ಚಿಂದಿಯಾಗಿ, ಗಂಟು ಹಾಕಿ ಹಾಕಿ ದಿನ ದೂಡುತ್ತಿದ್ದರು. ನೂಲು ಯುದ್ಧಕಾಲದ ಸರ್ಕಾರಿ ಕಂಟ್ರೋಲಿನಲ್ಲಿತ್ತು, ಎಲ್ಲಿ ಕೇಳಿದರೂ ಇಲ್ಲ. ಅದೇ ಹೊತ್ತಿಗೆ ಬೆಂಗಳೂರಿನ ಒಂದು ಸಿಪಾಯಿಗಳ ಶಿಬಿರಕ್ಕೆ ಮೀನು ಒದಗಿಸುವ ಗುತ್ತಿಗೆದಾರನೊಬ್ಬ ಪೆಟ್ರೋಲಿಲ್ಲದೆ ಇದ್ದಿಲ ಗ್ಯಾಸಿನಲ್ಲಿ ಓಡುವ ಲಾರಿಯಲ್ಲಿ ಬಂದ. ಅವನ ಲಾರಿ ಈ ದಾರಿಯಲ್ಲಿ ಬರುವುದು ಸೋಮವಾರ ಬೆಳಿಗ್ಗೆ ಮಾತ್ರ. ಆಗತಾನೇ ಹಿಡಿದ ಜೀವಂತ ಮೀನು ಕೊಟ್ಟರೆ ಬಲೆಗೆ ಬೇಕಾದಷ್ಟು ಹತ್ತಿಯ ನೂಲು ತಂದುಕೊಡುತ್ತೇನೆಂದ. ಭಾನುವಾರದ ಮೀನನ್ನು ನೀರಲ್ಲಿಟ್ಟು ಕೊಡುತ್ತೇನೆಂದರೆ ಒಪ್ಪಲಿಲ್ಲ. ಬಶೀರುನ್ನೀಸಾ ಬೇಡವೆಂದರು. ಆದರೆ ಬಲೆಯೇ ಇಲ್ಲದಿದ್ದರೆ ವಾರದ ಉಳಿದ ದಿನಕ್ಕೂ ಅರ್ಥವಿಲ್ಲವಲ್ಲ. ಒಂದೇ ಒಂದು ಸೋಮವಾರ, ಬೆಳಕು ಹರಿಯುವ ಮೊದಲು ಹೋಗಿ ಅಪ್ಪಯ್ಯಣ್ಣ ಬರುವಷ್ಟರಲ್ಲಿ ಹರಿಗೋಲನ್ನು ಕವುಚಿಟ್ಟರಾಯಿತು ಎಂದು ಖಾಸಿಂ ಸಾಬರು ಲೆಕ್ಕ ಹಾಕಿದರು.

ಆ ದಿನ ಬಲೆ ಜಾಲಿ ಬೊಡ್ಡೆಗೆ ಸಿಕ್ಕಿಕೊಂಡಿತು. ಬಿಡಿಸುತ್ತ ಬಿಡಿಸುತ್ತ ಬೆಳಕಾಯಿತು. ತಲೆಯೆತ್ತಿ ನೋಡಿದರೆ ಏರಿಯ ಮೇಲೆ ಅಪ್ಪಯ್ಯಣ್ಣ ಎಣ್ಣೆಯ ಡಬ್ಬಿ ಪಕ್ಕದಲ್ಲಿಟ್ಟುಕೊಂಡು ಕೂತಿದ್ದಾರೆ. ಕೂಗಲಿಲ್ಲ, ಕೈ ಬೀಸಲಿಲ್ಲ. ಖಾಸಿಂ ಸಾಬರಿಗೆ ದಡಕ್ಕೆ ಬರುವ ಧೈರ್ಯ ಸಾಲಲಿಲ್ಲ. ಬೊಡ್ಡೆಗಳ ಮರೆಯಲ್ಲಿ ಅತ್ತ ಇತ್ತ ಹುಟ್ಟು ಹಾಕುತ್ತ, ಕೊನೆಗೆ ಅದನ್ನೂ ಬಿಟ್ಟು, ಗಾಳಿ ತಿರುಗಿಸಿದ ಕಡೆ ತಿರುಗುತ್ತ ಕೂತರು. ರಸ್ತೆಯಲ್ಲಿ ಲಾರಿ ಬಂತು, ಹಾರನ್ನು ಹೊಡೆಯಿತು, ಕಾಯಿತು, ಹೊರಟೇ ಹೋಯಿತು. ಮತ್ತೆ ಬರಲಿಲ್ಲ. ಮೀನು ಬಿಸಿಲಿಗೆ ಹಾಳಾಯಿತು. ಹೊತ್ತು ನೆತ್ತಿಗೆ ಬಂದಾಗ ಅಪ್ಪಯ್ಯಣ್ಣ ಎದ್ದರು. ಡಬ್ಬಿಯನ್ನು ಅಲ್ಲೇ ಕಲ್ಲಿನ ಮೇಲಿಟ್ಟು ಮನೆಯ ದಾರಿ ಹಿಡಿದರು.

"ಬೈದಿದ್ರೆ ಎಷ್ಟೋ ವಾಸಿ ಇತ್ತು," ಎನ್ನುತ್ತಾರೆ ಖಾಸಿಂ ಸಾಬರು. "ಆ ಡಬ್ಬಿ ನೋಡಿ ನನ್ಗೆ ಅನ್ನ ಇಳೀಲಿಲ್ಲ."

ಮುಂದಿನ ಸೋಮವಾರ ಅಪ್ಪಯ್ಯಣ್ಣ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಖಾಸಿಂ ಸಾಬರು ತಾವೇ ಎಣ್ಣೆ ಹಚ್ಚಿದರು, ಆದರೆ ಹೊಲಿಗೆಯ ಸಂದಿಗೆ ಎಣ್ಣೆ ಇಳಿಯುವಂತೆ ಹೆಬ್ಬೆರಳಿನಿಂದ ಒತ್ತುವುದು ಅವರಿಗೆ ಗೊತ್ತಿರಲಿಲ್ಲ. ಹರಿಗೋಲಿನ ತಳದಲ್ಲಿ ನೀರು ಜಿನುಗತೊಡಗಿತು. ಇನ್ನು ತಡೆಯಲಾಗದೆ ಒಂದು ಮಂಗಳವಾರ ಬೊಗಸೆ ಸಸಲು ಎಲೆಯಲ್ಲಿ ಕಟ್ಟಿಕೊಂಡು ಅವರ ಮನೆಯ ಜಗುಲಿಗೆ ಹೋಗಿ ನಿಂತರು. ಹಳೆಯ ಬಲೆಯಲ್ಲಿ ಹಿಡಿದ ಕೊನೆಯ ಸಸಲು ಅದು.

"ತಪ್ಪಾಯ್ತು ಗೌಡ್ರೇ," ಎಂದರು.

ಅಪ್ಪಯ್ಯಣ್ಣ ಎಲೆಯ ಗಂಟನ್ನು ತೆಗೆದುಕೊಂಡು ಒಳಗೆ ಕೊಟ್ಟು ಬಂದರು. "ನನ್ಗ್ಯಾಕ್ ಹೇಳ್ತೀಯ? ಅವನ್ಗೆ ಹೇಳೋಗು," ಎಂದರು.

ಸೋಮವಾರ ಖಾಸಿಂ ಸಾಬರು ಏರಿಯ ಮೇಲೆ ಹರಿಗೋಲನ್ನು ಕವುಚಿಟ್ಟು, ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ಚರ್ಮದ ಮೇಲೆ ಕೈಯಿಟ್ಟು ಹೇಳಿದರಂತೆ. ಏನು ಹೇಳಿದಿರಿ ಎಂದರೆ ಮಾತು ಹಾರಿಸುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ಅಪ್ಪಯ್ಯಣ್ಣ ಬಂದರು. ಒಂದು ಕೈಯಲ್ಲಿ ಎಣ್ಣೆ, ಇನ್ನೊಂದು ಕಂಕುಳಲ್ಲಿ ತಮ್ಮ ಹೊಲದಲ್ಲಿ ಬೆಳೆದ ಸೆಣಬಿನ ನಾರಿನ ಕಟ್ಟು. ಹತ್ತಿಯ ನೂಲು ಸಿಗದಿದ್ದರೇನಂತೆ, ಇದನ್ನು ಹೊಸೆಯೋಣ ಎಂದರು. ಆ ಬೇಸಿಗೆಯೆಲ್ಲ ಸೋಮವಾರ ಸೋಮವಾರ ಇಬ್ಬರೂ ತೊಡೆಯ ಮೇಲೆ ನಾರು ಹೊಸೆದು ಬಲೆ ಹೆಣೆದರು. ಹೊಸೆಯುವಾಗ ತೊಡೆ ಕೆಂಪಗಾಗಿ ಅಪ್ಪಯ್ಯಣ್ಣ ಮನೆಯಲ್ಲಿ ಬೈಸಿಕೊಂಡದ್ದೂ ಉಂಟು.

ಈಗ ನೀರಿನಲ್ಲಿರುವುದು ಅದೇ ಬಲೆ. ಗಟ್ಟಿಯಾಗಿದೆ, ಮೊಸಳೆ ಎಳೆದರೂ ಹರಿಯುವುದಿಲ್ಲ ಎಂದು ಬಶೀರುನ್ನೀಸಾ ತಮಾಷೆ ಮಾಡುತ್ತಾರೆ. ಆದರೆ ಸೆಣಬಿನ ಹುರಿ ದಪ್ಪ, ಒದ್ದೆಯಾದರೆ ಕಲ್ಲಿನ ಭಾರ. ಅದರಲ್ಲಿ ಸಣ್ಣ ಕಣ್ಣು ಹೆಣೆಯಲು ಬರುವುದಿಲ್ಲ. ಕೊರವ ಬೀಳುತ್ತದೆ, ಗೆಂಡೆ ಬೀಳುತ್ತದೆ. ಸಸಲು ಬಂದ ದಾರಿಯಲ್ಲೇ ಆಚೆಗೆ ಹೋಗುತ್ತದೆ. ಮಂಗಳವಾರ ಅಪ್ಪಯ್ಯಣ್ಣನವರ ಮನೆಗೆ ಈಗ ಹೋಗುವುದು ಗೆಂಡೆ.

ಹೇಳಿದಂತೆ ಸೋಮವಾರ ಬೆಳಿಗ್ಗೆ ಹೋದರೆ ಹರಿಗೋಲು ಬೆನ್ನು ಮೇಲೆ ಮಾಡಿ ಬಿಸಿಲು ಕಾಯುತ್ತಿದೆ. ಅಪ್ಪಯ್ಯಣ್ಣ ಮೊಣಕಾಲೂರಿ ಹೊಲಿಗೆಯ ಮೇಲೆ ಹೆಬ್ಬೆರಳು ಒತ್ತುತ್ತಿದ್ದಾರೆ. ಒಂದು ಜಾಗದಲ್ಲಿ ಹಳೆಯ ಗಾಯದ ಕಲೆ ಇದೆ, ಬೂದ ಕರುವಾಗಿದ್ದಾಗ ಬೇಲಿ ಹಾರಿ ಮಾಡಿಕೊಂಡದ್ದು. ಅಲ್ಲಿ ಅವರ ಕೈ ಸ್ವಲ್ಪ ನಿಧಾನವಾಗುತ್ತದೆ. ಖಾಸಿಂ ಸಾಬರು ದೂರದ ಹೊಂಗೆ ಮರದ ಕೆಳಗೆ ಕರೆದುಕೊಂಡು ಹೋಗಿ ನಿನ್ನೆಯ ಪ್ರಶ್ನೆಗೆ ಉತ್ತರ ಕೊಡುತ್ತಾರೆ.

"ರುಚಿ ಅಂದ್ರೆ ಸಸಲೇ ಸ್ವಾಮಿ. ಮೊದ್ಲು ಕೊರವ ಅಂತಿದ್ದೆ, ಈಗ ಅನ್ನಲ್ಲ. ಹೋದ ವರ್ಷ ಕೊಟ್ಟಿದ್ದೇ ಕೊನೆ, ಗೌಡ್ರು ಸಸಲು ತಿಂದಿಲ್ಲ. ಬಲೆ ಹೆಣೆಯೋವಾಗ್ಲೇ ಅವ್ರಿಗ್ ಗೊತ್ತಿತ್ತು, ಇದ್ರಲ್ಲಿ ಸಸಲು ನಿಲ್ಲಲ್ಲ ಅಂತ. ಆದ್ರೂ ಕೂತ್ಕೊಂಡ್ ಹೊಸೆದ್ರು. ಒಂದಿನಾನೂ ಸಸಲಿನ ಮಾತೆತ್ತಿಲ್ಲ."

ಯುದ್ಧ ಮುಗಿದರೆ ನೂಲು ಬರುತ್ತದೆ ಎಂದು ಹೊಸಕೋಟೆಯ ಸಂತೆಯಲ್ಲಿ ಮಾತು. ಬಂದರೆ ಒಂದು ಸಣ್ಣ ಕಣ್ಣಿನ ಬಲೆ ಹೆಣೆಯಬೇಕು, ದೊಡ್ಡದಲ್ಲ, ಒಂದು ಪಂಚೆಯಷ್ಟಿದ್ದರೆ ಸಾಕು. ಮೊದಲ ಸಲ ಎತ್ತಿದ್ದಷ್ಟೂ ಆ ಮನೆಗೆ. ಇಷ್ಟೇ ಅವರ ಆಸೆ.

ಹರಿಗೋಲಿನ ಕಡೆಯಿಂದ ಅಪ್ಪಯ್ಯಣ್ಣನವರ ದನಿ ಬರುತ್ತದೆ. "ಏನೋ ಅದು ಗುಸುಗುಸು?"

"ಏನಿಲ್ಲ ಗೌಡ್ರೇ, ಮೀನಿನ್ ಮಾತು."

"ಸೋಮ್ವಾರ ಕಣೋ. ಮೀನಿನ್ ಮಾತು ನಾಳೆ ಆಡು."

ಆಗಲಿ ಎಂದು ಖಾಸಿಂ ಸಾಬರು ಎಣ್ಣೆಯ ಡಬ್ಬಿ ಹಿಡಿಯಲು ಎದ್ದು ಹೋಗುತ್ತಾರೆ. ನಾಲ್ಕು ಹೆಜ್ಜೆ ಹೋದವರು ತಿರುಗಿ ನಿಂತು, ಅಪ್ಪಯ್ಯಣ್ಣನವರಿಗೆ ಕೇಳಿಸದಂತೆ ಹೇಳುತ್ತಾರೆ.

"ಗೌಡ್ರ ಸಸಲು ಆದಿತ್ವಾರಾನೇ ಹಿಡಿದು ನೀರಲ್ಲಿಡ್ತೀನಿ ಅಂತ ಬರ್ಕೊಳ್ಳಿ. ಸೋಮ್ವಾರ ಬೂದ ಬರಲ್ಲ."