ನಮ್ಮತ್ತೆಯ ಬಲಗಾಲು

ಮಲಾಡಿನ ನಮ್ಮ ಬಿಲ್ಡಿಂಗಿನಲ್ಲಿ ಯಾರಿಗಾದರೂ ಸೊಂಟ ಹಿಡಿದುಕೊಂಡರೆ ಡಾಕ್ಟರ ಹತ್ತಿರ ಹೋಗುವುದಿಲ್ಲ. ಭಾನುವಾರ ಬೆಳಿಗ್ಗೆ ಸೀದಾ ನಮ್ಮ ಹಾಲಿಗೆ ಬಂದು ಚಾಪೆಯ ಮೇಲೆ ಬೋರಲು ಬೀಳುತ್ತಾರೆ. ನಾನು ಕಾಫಿ ಲೋಟ ಹಿಡಿದು ಅವರನ್ನು ಸುತ್ತು ಹಾಕಿಕೊಂಡು ಓಡಾಡಬೇಕು. ನನ್ನ ಮನೆ, ನನ್ನ ರಜೆ, ಆದರೆ ಕೇಳುವವರು ಯಾರು!

ಕಾರಣ ನಮ್ಮತ್ತೆ. ಕಾಲು ಮುಂದಾಗಿ ಹುಟ್ಟಿದವರು ಒದ್ದರೆ ಉಳುಕು ಬಿಡುತ್ತದೆ ಎಂಬ ನಂಬಿಕೆ ನಮ್ಮಲ್ಲೂ ಇದೆ, ಇಲ್ಲಿನ ಮರಾಠಿಯವರಲ್ಲೂ ಇದೆ. ತಾನು ಹಾಗೆ ಹುಟ್ಟಿದವಳೆಂದು ಅತ್ತೆ ಲಿಫ್ಟಿನಲ್ಲಿ ಯಾರಿಗೋ ಕೈಸನ್ನೆಯಲ್ಲೇ ಹೇಳಿದ್ದೇ ತಡ, ಸುದ್ದಿ ಎಲ್ಲ ಮಹಡಿಗೂ ಹಬ್ಬಿತು.

ನಿಜ ಹೇಳಬೇಕೆಂದರೆ ಒದೆ ಬರೀ ನೆಪ. ಅದಕ್ಕೆ ಮೊದಲು ಅತ್ತೆ ಬಿಸಿನೀರಲ್ಲಿ ಹಿಂಡಿದ ಟವೆಲ್ ಇಟ್ಟು, ಬೆಚ್ಚಗಿನ ಎಳ್ಳೆಣ್ಣೆ ಹಚ್ಚಿ, ಬೆನ್ನುಮೂಳೆಯನ್ನು ಮುಟ್ಟದೆ ಅದರ ಎರಡೂ ಪಕ್ಕ ಹೆಬ್ಬೆರಳಿನಿಂದ ನಿಧಾನವಾಗಿ ಒತ್ತುತ್ತಾ ಹೋಗುತ್ತಾರೆ. ಗಂಟು ಸಿಕ್ಕಿದ ಕಡೆ ಅದುಮಿ ಹಿಡಿದು, "ಉಸಿರು ಬಿಡಿ" ಎಂದು ಕನ್ನಡದಲ್ಲೇ ಗದರುತ್ತಾರೆ, ಎಲ್ಲರೂ ಬಿಡುತ್ತಾರೆ. ಆಮೇಲೆ ಬಲಗಾಲಿನಿಂದ ಮೆತ್ತಗೆ ಒಂದು. ವಾಸಿ ಮಾಡುವುದು ಕೈ, ಹೆಸರು ಕಾಲಿಗೆ! ಎಷ್ಟು ಹೇಳಿದರೂ ಅವರು ಒಪ್ಪುವುದಿಲ್ಲ.

ನಾನೂ ಸುಮ್ಮನಾದೆ. ಮೈಸೂರಿಂದ ಬಂದ ಹೊಸದರಲ್ಲಿ ಮಾತಿಗೆ ಜನವಿಲ್ಲದೆ ಬಾಲ್ಕನಿಯಲ್ಲಿ ಕೂತು ಕಣ್ಣೊರೆಸಿಕೊಳ್ಳುತ್ತಿದ್ದ ಹೆಂಗಸು, ಈಗ 'ಆಜಿ, ಆಜಿ' ಎಂದು ಕರೆಸಿಕೊಂಡು ನಗುತ್ತಿದ್ದರು. ಆ ನಗು ಹೋಗುವುದು ನನಗೆ ಬೇಡವಾಗಿತ್ತು.

ಮೊನ್ನೆ ಭಾನುವಾರ ಅತ್ತೆಯ ಅಣ್ಣ, ಅಂದರೆ ನನಗೂ ಮಾವ, ಊರಿಂದ ಬಂದಿಳಿದರು. ಚಾಪೆಯ ಮೇಲೆ ಮೂರನೇ ಮಹಡಿಯ ಕಾಕಾ, ಬಾಗಿಲಲ್ಲಿ ಇನ್ನೂ ನಾಲ್ಕು ಜನ, ಅತ್ತೆ ಕಾಲೆತ್ತಿದ್ದಾರೆ. ಇದೇನೆಂದು ಕೇಳಿದ ಮಾವನಿಗೆ ನಾನು ವಿಷಯ ಹೇಳಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಅಯ್ಯೋ ಪೆದ್ದೇ! ಕಾಲು ಮುಂದಾಗಿ ಹುಟ್ಟಿದ್ದು ನಾನು ಕಣೇ! ನೀನು ಎಲ್ಲರ ಹಾಗೆ ತಲೆ ಮುಂದಾಗೇ ಹುಟ್ಟಿದ್ದು. ಅಮ್ಮ ಎಷ್ಟು ಸಲ ಹೇಳಿದ್ದಳು!"

ಅತ್ತೆಯ ಮುಖ ಬಿಳಿಚಿಕೊಂಡಿತು. ಮರೆತಿದ್ದರೋ, ಗೊತ್ತಿದ್ದೇ ಹೇಳಿದ್ದರೋ, ನಾನು ಇವತ್ತಿಗೂ ಕೇಳಿಲ್ಲ. ಆಗಂತೂ ಮಾವನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು.

"ಭಾಭಿ, ಮಾಮಾ ಕ್ಯಾ ಬೋಲೇ?" ಎಂದು ಕಾಕಾ ಮಲಗಿದಲ್ಲಿಂದಲೇ ಕೇಳಿದರು. ಅಲ್ಲಿದ್ದವರಲ್ಲಿ ಕನ್ನಡ ಬರುತ್ತಿದ್ದುದು ನಮ್ಮ ಮೂವರಿಗೇ. ಮಾವ ಏನೆಂದರೆಂದು ತಿಳಿಯಲು ಎಲ್ಲರೂ ನನ್ನ ಬಾಯನ್ನೇ ನೋಡಿದರು.

ನಾನು ಹಿಂದಿಯಲ್ಲಿ ಹೇಳಿದೆ: ರೈಲಿನಲ್ಲಿ ಕೂತು ಕೂತು ಮಾಮಾಗೂ ಸೊಂಟ ಹಿಡಿದಿದೆಯಂತೆ. ತಂಗಿಯ ಕಾಲನ್ನೇ ನಂಬಿಕೊಂಡು ಅಷ್ಟು ದೂರದಿಂದ ಬಂದಿದ್ದಾರಂತೆ.

"ಅರೇ, ಪೆಹಲೇ ಮಾಮಾ!" ಎಂದು ಕಾಕಾ ಎದ್ದು ಜಾಗ ಬಿಟ್ಟರು. ಬಾಗಿಲಲ್ಲಿದ್ದವರು ಒಳಗೆ ಬಂದು, ಬೇಡ ಬೇಡ ಎನ್ನುತ್ತಿದ್ದ ಮಾವನನ್ನು ಅಕ್ಕರೆಯಿಂದ ಬೋರಲು ಮಲಗಿಸಿದರು.

ಇಷ್ಟು ದಿನದಲ್ಲಿ ಅತ್ತೆಗೂ ಅಷ್ಟು ಹಿಂದಿ ಅರ್ಥವಾಗುತ್ತಿತ್ತು. ನನ್ನ ಮುಖವನ್ನೊಮ್ಮೆ ನೋಡಿ, ಸೆರಗು ಸೊಂಟಕ್ಕೆ ಸಿಗಿಸಿ, ಅಣ್ಣನ ಪಕ್ಕ ನಿಂತು ಕಾಲೆತ್ತಿದರು.

"ಈಗ ಹೇಳು ಅಣ್ಣಾ, ಕಾಲು ಮುಂದಾಗಿ ಹುಟ್ಟಿದ್ದು ಯಾರು?"

"ನೀನೇ ಕಣೇ ತಾಯಿ, ನೀನೇ!"